ಸಾಕ್ಷಿಯಾದ ಪಟ

ನಮ್ಮ ಅಜ್ಜಿ ತಮ್ಮ ಜೀವಮಾನದಲ್ಲಿ ಒಮ್ಮೆಯೂ ಪಟ ತೆಗೆಸಿಕೊಳ್ಳಲಿಲ್ಲ. ಪಟ ತೆಗೆಸಿದರೆ ಆಯುಸ್ಸು ಕುಂದುವುದೆಂದು ಅವರ ನಂಬಿಕೆ. ಮದುವೆಯ ಮನೆಗಳಲ್ಲಿ ಕ್ಯಾಮರಾದವನು ಬಂದನೆಂದರೆ ಸಾಕು, ಅವರು ಮೆಲ್ಲನೆ ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಿದ್ದರು. ಅವರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಪಟವೂ ಸಿಕ್ಕದೆ, ನಾವು ಮೊಮ್ಮಕ್ಕಳು ಆ ನಂಬಿಕೆಯನ್ನು ನೆನೆದು ನಕ್ಕದ್ದುಂಟು. ಈಗ ಆ ನಗು ಬರುವುದಿಲ್ಲ. ಪಟಕ್ಕೂ ಮನುಷ್ಯನ ಪ್ರಾಣಕ್ಕೂ ಸಂಬಂಧವೇ ಇಲ್ಲವೆಂದು ಹೇಳುವ ಧೈರ್ಯ ನನ್ನಲ್ಲಿ ಉಳಿದಿಲ್ಲ. ಅದಕ್ಕೆ ಕಾರಣ ಎರಡು ಪಟಗಳು. ಒಂದು, ಇಸ್ರೇಲ್ ದೇಶದ ಅಲೆಕ್ಸ್ ಲೆವಾಕ್ ಎಂಬವರು 1984ರಲ್ಲಿ ತೆಗೆದದ್ದು. ಅದನ್ನು ಲೋಕವೆಲ್ಲ ಕಂಡಿದೆ. ಇನ್ನೊಂದು ನಾನು ತೆಗೆದದ್ದು. ಅದನ್ನು ಕಂಡವರು ಬೆರಳೆಣಿಕೆಯ ಮಂದಿ. ಮೊದಲನೆಯದರ ಕಥೆಯೇ ಈ ಬರಹದ ವಿಷಯ. ಆದರೆ ಎರಡನೆಯದನ್ನು ಮುಚ್ಚಿಟ್ಟುಕೊಂಡು ಮೊದಲನೆಯದನ್ನು ಹೊಗಳುವುದು ನನಗೆ ತಕ್ಕುದಲ್ಲವಾದುದರಿಂದ, ಕೊನೆಯಲ್ಲಿ ಅದನ್ನೂ ಹೇಳಬೇಕಾಗಿದೆ.

ನನ್ನ ಅಕ್ಕನ ಮಗ ರೆಹೊವೋತ್ ಪಟ್ಟಣದ ವೈಜ್‌ಮನ್ ವಿಜ್ಞಾನ ಸಂಸ್ಥೆಯಲ್ಲಿ ಎರಡು ವರ್ಷ ಸಂಶೋಧನೆ ಮಾಡಿಕೊಂಡಿದ್ದು ಊರಿಗೆ ಹಿಂದಿರುಗಿದ. ಪರದೇಶದಿಂದ ಬರುವವರು ತರುವ ಸಾಮಾನುಗಳ ನಡುವೆ ನನಗಾಗಿ ಅವನೊಂದು ದಪ್ಪನೆಯ ಲಕೋಟೆಯನ್ನು ತಂದಿದ್ದ. "ಮಾವ, ನಿಮಗೆ ಪಟದ ಹುಚ್ಚಲ್ಲವೇ, ನೋಡಿ" ಎಂದು ಕೈಗಿತ್ತ. ಒಳಗೆ 'ಹಾರೆತ್ಸ್' ಎಂಬ ಅಲ್ಲಿಯ ವೃತ್ತಪತ್ರಿಕೆಯಿಂದ ಕತ್ತರಿಸಿದ ಚಿತ್ರಗಳು. ಹಾರೆತ್ಸ್ ಎಂದರೆ 'ನಾಡು' ಎಂದರ್ಥವಂತೆ; ಹೀಬ್ರೂ ಭಾಷೆಯ ಪತ್ರಿಕೆಯಾದರೂ ಅದಕ್ಕೆ ಇಂಗ್ಲಿಷಿನ ಆವೃತ್ತಿಯೂ ಇದೆ. ಚಿತ್ರಗಳೆಲ್ಲ ಬೀದಿಯವು. ಅವುಗಳಲ್ಲಿ ಘಟನೆಯೆಂಬುದಿಲ್ಲ. ಗೋಡೆಯ ಮೇಲೊಂದು ಜಾಹೀರಾತು, ಅದರ ಮುಂದೆ ತನ್ನ ಪಾಡಿಗೆ ತಾನು ನಡೆಯುವ ಮನುಷ್ಯ. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಎರಡು ವಸ್ತುಗಳು. ಆದರೆ ಆ ಒಂದು ಕ್ಷಣದಲ್ಲಿ ಒಂದೇ ಚೌಕಟ್ಟಿನೊಳಗೆ ಬಂದು, ಒಂದನ್ನೊಂದು ಅಣಕಿಸುತ್ತ ನಿಂತಿವೆ. ನಾನು ನಕ್ಕೆ. ನನ್ನ ಹೆಂಡತಿಯೂ ಒಳಗಿನಿಂದ ಬಂದು ನೋಡಿ ನಕ್ಕಳು. ನಗಿಸುವುದಕ್ಕೆಂದು ಯಾರನ್ನೂ ನಿಲ್ಲಿಸಿ ತೆಗೆದ ಚಿತ್ರಗಳಲ್ಲ ಇವು. ಲೋಕವೇ ತನಗರಿಯದಂತೆ ಆಡಿದ ಚೇಷ್ಟೆಯನ್ನು ಒಬ್ಬನು ನೋಡಿ ಹಿಡಿದದ್ದು.

"ಯಾರಪ್ಪ ಇವನು, ಇಷ್ಟು ತುಂಟ?" ಎಂದು ಕೇಳಿದೆ. ಹುಡುಗ ತನ್ನ ಕಂಪ್ಯೂಟರನ್ನು ತೆರೆದು, ಅದೇ ಮನುಷ್ಯ ತೆಗೆದ ಇನ್ನೊಂದು ಚಿತ್ರವನ್ನು ತೋರಿಸಿದ. ನಮ್ಮಿಬ್ಬರ ನಗುವೂ ನಿಂತಿತು.

ಅಲೆಕ್ಸ್ ಲೆವಾಕರು ಹುಟ್ಟಿದ್ದು 1944ರಲ್ಲಿ, ತೆಲ್ ಅವೀವ್ ನಗರದಲ್ಲಿ. ಅಂದರೆ ಇಸ್ರೇಲ್ ಎಂಬ ರಾಜ್ಯಕ್ಕಿಂತ ಅವರೇ ನಾಲ್ಕು ವರ್ಷ ಹಿರಿಯರು. ಮೊದಲು ಓದಿದ್ದು ಮನಶ್ಶಾಸ್ತ್ರ, ತತ್ತ್ವಶಾಸ್ತ್ರಗಳನ್ನು. ಛಾಯಾಚಿತ್ರದ ವಿದ್ಯೆಯನ್ನು ಆಮೇಲೆ ಲಂಡನ್ನಿನಲ್ಲಿ ಕಲಿತರು. ತತ್ತ್ವಶಾಸ್ತ್ರದಿಂದ ಕ್ಯಾಮರಾಕ್ಕೆ ಬಂದವರು ಬಹಳ ಮಂದಿ ಇರಲಾರರು. ನಲವತ್ತರ ಹತ್ತಿರದಲ್ಲಿ ಅವರು 'ಹದಶೋತ್' ಎಂಬ ಪತ್ರಿಕೆಯನ್ನು ಸೇರಿದರು. ಆ ಹೆಸರಿಗೆ 'ಸುದ್ದಿ' ಎಂದಷ್ಟೇ ಅರ್ಥ. 1984ರ ಮಾರ್ಚ್ ತಿಂಗಳಲ್ಲಿ ಹುಟ್ಟಿದ ಹೊಚ್ಚ ಹೊಸ ಪತ್ರಿಕೆ. ಅದಕ್ಕೆ ಒಂದು ತಿಂಗಳು ತುಂಬಿದೆಯೋ ಇಲ್ಲವೋ ಎನ್ನುವಾಗ ಈ ಸಂಗತಿ ನಡೆಯಿತು.

1984ರ ಏಪ್ರಿಲ್ 12ನೆಯ ತಾರೀಖು, ಗುರುವಾರದ ಸಂಜೆ. ತೆಲ್ ಅವೀವಿನಿಂದ ಅಶ್ಕೆಲೋನಿಗೆ ಹೋಗುವ 300ನೆಯ ನಂಬರಿನ ಬಸ್ಸು ನಲವತ್ತರಷ್ಟು ಪ್ರಯಾಣಿಕರನ್ನು ಹೊತ್ತು ಹೊರಟಿತು. ದಾರಿಯಲ್ಲಿ ಗಾಜಾ ಪ್ರಾಂತದ ನಾಲ್ವರು ತರುಣ ಪ್ಯಾಲೆಸ್ತೀನಿಯರು ಅದನ್ನು ವಶಪಡಿಸಿಕೊಂಡು, ದಕ್ಷಿಣಕ್ಕೆ, ಈಜಿಪ್ಟಿನ ಗಡಿಯ ಕಡೆಗೆ ಓಡಿಸುವಂತೆ ಚಾಲಕನನ್ನು ಬಲಾತ್ಕರಿಸಿದರು. ಸೈನಿಕರು ಗಾಲಿಗಳಿಗೆ ಗುಂಡು ಹೊಡೆದು, ಗಾಜಾದೊಳಗಿನ ದೇರ್ ಅಲ್-ಬಲಾ ಎಂಬ ಊರಿನ ಬಳಿ ಬಸ್ಸನ್ನು ನಿಲ್ಲಿಸಿದರು. ರಾತ್ರಿಯೆಲ್ಲ ಮಾತುಕತೆ ನಡೆಯಿತು. ರಕ್ಷಣಾಮಂತ್ರಿ ಮೋಶೆ ಆರೆನ್ಸ್ ಅವರೂ ಸೇನಾಧಿಪತಿಯೂ ಅಲ್ಲಿಗೆ ಬಂದಿದ್ದರು. ಪತ್ರಿಕೆಯವರೂ ಸ್ವಲ್ಪ ದೂರದಲ್ಲಿ ಕತ್ತಲೆಯಲ್ಲಿ ಕಾದಿದ್ದರು. ಬೆಳಗಿನ ಜಾವ ಸೈನಿಕರು ಬಸ್ಸಿಗೆ ನುಗ್ಗಿದರು. ಅಪಹರಣಕಾರರಲ್ಲಿ ಇಬ್ಬರು ಸ್ಥಳದಲ್ಲಿಯೇ ಸತ್ತರು. ಪ್ರಯಾಣಿಕರಲ್ಲಿ ಸೈನ್ಯದಲ್ಲಿದ್ದ ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಯೂ ಪ್ರಾಣವನ್ನು ಕಳೆದುಕೊಂಡಳು, ಕೆಲವರಿಗೆ ಗಾಯಗಳಾದವು. ಅಪಹರಣಕಾರರು ನಾಲ್ವರೂ ಹತರಾದರೆಂದು ಪ್ರಕಟಣೆ ಹೊರಟಿತು. ಆ ರಾತ್ರಿಯ ಭಯವನ್ನು ನೆನೆದರೆ, ಜನಕ್ಕೆ ಇನ್ನೇನೂ ಬೇಕಾಗಿರಲಿಲ್ಲ. ಸುದ್ದಿ ಅಲ್ಲಿಗೆ ಮುಗಿಯಬೇಕಾಗಿತ್ತು.

ಮುಗಿಯದಂತೆ ಮಾಡಿದ್ದು ಲೆವಾಕರ ಕ್ಯಾಮರಾದೊಳಗಿದ್ದ ಫಿಲಂ ಸುರುಳಿ. ಆ ಗದ್ದಲದಲ್ಲಿ ಇಬ್ಬರು ಯಾರೋ ಒಬ್ಬ ತರುಣನನ್ನು ಎರಡೂ ಕಡೆಯಿಂದ ಹಿಡಿದು ನಡೆಸಿಕೊಂಡು ಹೋಗುವುದು ಅವರ ಕಣ್ಣಿಗೆ ಬಿತ್ತು. ಅವರು ಪಟವನ್ನು ತೆಗೆದರು. ಆ ತರುಣನು ಯಾರೆಂದು ಆಗ ಅವರಿಗೆ ತಿಳಿಯದು. ಪತ್ರಿಕೆಯ ಛಾಯಾಗ್ರಾಹಕನು ಇಂಥ ಸಮಯದಲ್ಲಿ ವಿಚಾರಮಾಡಿ ತೆಗೆಯುವುದಿಲ್ಲ. ಚಲಿಸಿದ್ದನ್ನೆಲ್ಲ ತೆಗೆಯುತ್ತಾನೆ, ಅರ್ಥವನ್ನು ಕತ್ತಲೆಯ ಕೋಣೆಯಲ್ಲಿ ಹುಡುಕುತ್ತಾನೆ. ಫಿಲಮನ್ನು ತೊಳೆದು ನೋಡಿದಾಗ ಆ ತರುಣನ ಕೈಗಳಿಗೆ ಕೋಳವಿತ್ತು. ಕೋಳ ತೊಡಿಸಿ ಕರೆದೊಯ್ಯುವುದು ಪ್ರಯಾಣಿಕನನ್ನಲ್ಲ. ಅವನು ತನ್ನ ಕಾಲಮೇಲೆ ನಿಂತಿದ್ದಾನೆ, ಎಚ್ಚರವಾಗಿದ್ದಾನೆ. ಪಟವನ್ನು ಗಾಜಾದ ಜನರಿಗೆ ತೋರಿಸಿದಾಗ ಅವನ ಊರಿನವರು ಗುರುತಿಸಿದರು: ಮಜ್ದಿ ಅಬು ಜುಮಾ. ಸತ್ತ ನಾಲ್ವರ ಪಟ್ಟಿಯಲ್ಲಿದ್ದವನು.

ವಾಚಕರು ಆ ಚಿತ್ರವನ್ನು ಕಂಡಿಲ್ಲದಿದ್ದರೆ, ಅದರಲ್ಲಿ ಏನಿಲ್ಲವೆಂಬುದನ್ನು ಮೊದಲು ಹೇಳುತ್ತೇನೆ. ರಕ್ತಪಾತವಿಲ್ಲ. ಎತ್ತಿದ ಕೈಯಿಲ್ಲ. ಕ್ರೌರ್ಯವೆಂದು ಬೆರಳಿಟ್ಟು ತೋರಿಸಬಹುದಾದುದು ಒಂದೂ ಇಲ್ಲ. ಸಂದರ್ಭವನ್ನರಿಯದವನು ಅದನ್ನು ನೋಡಿ, ಯಾವನೋ ಕಳ್ಳನನ್ನು ಹಿಡಿದಿರಬೇಕೆಂದು ಮುಂದಿನ ಪುಟಕ್ಕೆ ಹೋದಾನು. ಇಂಥ ಸಪ್ಪೆಯ ಪಟವೊಂದು ಒಂದು ರಾಜ್ಯವನ್ನು ಎರಡು ವರ್ಷಗಳ ಕಾಲ ಅಲುಗಿಸಿತೆಂದರೆ ಹೇಗೆ? ನಾನು ಯೋಚಿಸಿದಷ್ಟೂ ನನಗೆ ತೋರುವುದು ಇಷ್ಟೇ: ಅದರ ಬಲವೆಲ್ಲ ಅದರ ಎದುರಿಗಿದ್ದ ವಾಕ್ಯದಿಂದ ಬಂದದ್ದು. ನಾಲ್ವರೂ ಹೋರಾಟದಲ್ಲಿ ಸತ್ತರೆಂಬ ಪ್ರಕಟಣೆಯು ಇಲ್ಲದಿದ್ದಲ್ಲಿ ಈ ಪಟಕ್ಕೆ ಬಾಯಿಯೇ ಇರುತ್ತಿರಲಿಲ್ಲ. ಸರಕಾರದವರು ಇಬ್ಬರು ಸೆರೆಸಿಕ್ಕರೆಂದು ಮೊದಲೇ ನಿಜವನ್ನು ನುಡಿದಿದ್ದರೆ, ಅದು ಪತ್ರಿಕೆಯ ಹಳೆಯ ಕಟ್ಟುಗಳಲ್ಲಿ ಎಲ್ಲೋ ಸೇರಿಹೋಗುತ್ತಿತ್ತು. ಪಟವು ತಾನಾಗಿ ಸತ್ಯವನ್ನು ಹೇಳುವುದಿಲ್ಲ; ಸುಳ್ಳು ಹೇಳಿದವನಿಗೆ ಎದುರು ನಿಲ್ಲುತ್ತದೆ, ಅಷ್ಟೆ.

ಹಾಗೆ ಎದುರು ನಿಲ್ಲುವುದಕ್ಕೂ ಅದರ ಹಿಂದೆ ಮನುಷ್ಯರು ಬೇಕು. ಆ ರಾತ್ರಿ ಅಲ್ಲಿ ಕ್ಯಾಮರಾ ಹಿಡಿದವರು ಲೆವಾಕರೊಬ್ಬರೇ ಅಲ್ಲ. ಇಸ್ರೇಲಿನಲ್ಲಿ ಸೈನ್ಯಕ್ಕೆ ಸಂಬಂಧಪಟ್ಟ ಸುದ್ದಿಯು ಸೆನ್ಸಾರ್ ಅಧಿಕಾರಿಯ ಕಣ್ಣಿಗೆ ಬೀಳದೆ ಅಚ್ಚಾಗಕೂಡದು. ಹಳೆಯ ಪತ್ರಿಕೆಗಳ ಸಂಪಾದಕರು ತಮ್ಮದೊಂದು ಸಮಿತಿಯನ್ನು ಮಾಡಿಕೊಂಡು, ಸೈನ್ಯದೊಡನೆ ಒಂದು ಒಪ್ಪಂದಕ್ಕೆ ಬಂದಿದ್ದರು. ಏನನ್ನು ಮುಚ್ಚುವುದು, ಏನನ್ನು ಬಿಚ್ಚುವುದು ಎಂಬುದು ಬಹಳಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಹದಶೋತ್ ಪತ್ರಿಕೆ ಆ ಸಮಿತಿಗೆ ಸೇರಿರಲಿಲ್ಲ. ಲೆವಾಕರ ಚಿತ್ರಕ್ಕೆ ಸೆನ್ಸಾರಿನ ತಡೆ ಬಿತ್ತು. ಆದರೆ ಇಬ್ಬರು ಜೀವಸಹಿತ ಸೆರೆಸಿಕ್ಕಿದ್ದರೆಂಬ ವರ್ತಮಾನ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂತು. ರಕ್ಷಣಾಮಂತ್ರಿಗಳು ನಿವೃತ್ತ ಸೇನಾನಿ ಮೇಯಿರ್ ಜೋರೆಯಾ ಅವರನ್ನು ವಿಚಾರಣೆಗೆ ನೇಮಿಸಿದರು. ಆ ನೇಮಕದ ಸುದ್ದಿಯನ್ನು ಸೆನ್ಸಾರಿಗೆ ಒಪ್ಪಿಸದೆಯೇ ಹದಶೋತ್ ಅಚ್ಚುಹಾಕಿತು. ಶಿಕ್ಷೆಯಾಗಿ ನಾಲ್ಕು ದಿನ ಪತ್ರಿಕೆಯ ಬಾಗಿಲು ಮುಚ್ಚಿಸಿದರು. ಎರಡು ತಿಂಗಳ ಕೂಸಿಗೆ ಇದು ಸಣ್ಣ ಪೆಟ್ಟಲ್ಲ. ಪತ್ರಿಕೆ ನಡೆಸಿ ಕೈಸುಟ್ಟುಕೊಂಡವರು ನಮ್ಮಲ್ಲಿಯೂ ಇದ್ದಾರೆ. ನಾಲ್ಕು ದಿನ ಸಂಚಿಕೆ ನಿಂತರೆ ಕಾಗದದವನು, ಅಚ್ಚಿನವನು, ಏಜೆಂಟನು ಯಾರೂ ಕಾಯುವುದಿಲ್ಲವೆಂಬುದನ್ನು ಅವರು ಬಲ್ಲರು.

ಜೋರೆಯಾ ಅವರ ವಿಚಾರಣೆಯಿಂದ, ಇಬ್ಬರು ಸೆರೆಯಾದ ಮೇಲೆ ಸತ್ತರೆಂಬುದು ಖಚಿತವಾಯಿತು. ಕೊಂದವರು ಯಾರು? ಇಲ್ಲಿಂದ ಮುಂದಿನ ಕಥೆ ಕೊಲೆಗಿಂತಲೂ ಹೆಚ್ಚಾಗಿ ನನ್ನನ್ನು ಕಾಡಿದೆ. ದೇಶದ ಒಳಗಣ ಭದ್ರತೆಯನ್ನು ನೋಡಿಕೊಳ್ಳುವ ಶಿನ್ ಬೆತ್ ಎಂಬ ಗುಪ್ತದಳದವರು ತಮ್ಮವನೇ ಒಬ್ಬ ಅಧಿಕಾರಿಯನ್ನು ಆ ವಿಚಾರಣಾಸಮಿತಿಯೊಳಗೆ ಸದಸ್ಯನಾಗಿ ಕೂರಿಸಿದ್ದರು. ಒಳಗೆ ನಡೆದದ್ದೆಲ್ಲ ಅವನ ಮೂಲಕ ಹೊರಗೆ ಬರುತ್ತಿತ್ತು. ಸಾಕ್ಷಿಗಳು ಒಂದೇ ಪಾಠವನ್ನು ಒಪ್ಪಿಸುವಂತೆ ಏರ್ಪಾಡಾಗುತ್ತಿತ್ತು. ತಪ್ಪೆಲ್ಲ ಸೈನ್ಯದ ಅಧಿಕಾರಿ ಇತ್ಸಾಕ್ ಮೊರ್ದೆಖಾಯ್ ಅವರ ಕಡೆಗೆ ಹೊರಳಿತು. ಸೆರೆಸಿಕ್ಕವರನ್ನು ಪ್ರಶ್ನಿಸುವಾಗ ಅವರು ಪಿಸ್ತೂಲಿನಿಂದ ಹೊಡೆದದ್ದು ನಿಜ. ಆದರೆ ಕೊಂದವರು ಅವರಲ್ಲ. 1985ರಲ್ಲಿ ಸೈನ್ಯದ ವಿಶೇಷ ನ್ಯಾಯಮಂಡಲಿಯು ಅವರನ್ನು ದೋಷಮುಕ್ತರನ್ನಾಗಿ ಮಾಡಿತು. ಮುಂದೆ 1996ರಲ್ಲಿ ಅವರೇ ದೇಶದ ರಕ್ಷಣಾಮಂತ್ರಿಗಳಾದದ್ದು ವಿಧಿಯ ಇನ್ನೊಂದು ವಿನೋದ.

ಅಷ್ಟರಲ್ಲಿ ಶಿನ್ ಬೆತ್ತಿನೊಳಗಿಂದಲೇ ಮೂವರು ಹಿರಿಯ ಅಧಿಕಾರಿಗಳು ಈ ಸುಳ್ಳನ್ನು ತಾಳಲಾರದೆ ತಮ್ಮ ಮುಖ್ಯಸ್ಥರಾದ ಅವ್ರಹಾಮ್ ಶಾಲೋಮ್ ಅವರ ಮೇಲೆ ದೂರಿತ್ತರು. ದೂರಿತ್ತವರು ಕೆಲಸ ಕಳೆದುಕೊಂಡರು. ಇದು ಯಾವ ದೇಶದಲ್ಲಿಯೂ ಹೊಸದಲ್ಲ. ಅವರು ಸರಕಾರದ ಪ್ರಧಾನ ಕಾನೂನು ಅಧಿಕಾರಿ ಇತ್ಸಾಕ್ ಜಮೀರರಲ್ಲಿಗೆ ಹೋದರು. ಪೋಲೀಸ್ ತನಿಖೆ ನಡೆಯಲೇಬೇಕೆಂದು ಜಮೀರರು ಹಟಹಿಡಿದರು. 1986ರ ಜೂನ್ ತಿಂಗಳಲ್ಲಿ ಅವರ ಸ್ಥಾನಕ್ಕೆ ಬೇರೊಬ್ಬರು ಬಂದರು. ಅದೇ ತಿಂಗಳು ಅಧ್ಯಕ್ಷ ಖಾಯಿಮ್ ಹೆರ್ಜೋಗರು, ಮೊಕದ್ದಮೆ ನಡೆಯುವುದಕ್ಕೆ ಮೊದಲೇ, ಶಾಲೋಮ್ ಅವರಿಗೂ ಇನ್ನು ಮೂವರಿಗೂ ಕ್ಷಮಾದಾನ ಮಾಡಿದರು. ಅನಂತರ ಮತ್ತೆ ಏಳು ಮಂದಿಗೆ ಮಾಡಿದರು. ಶಾಲೋಮ್ ಕೆಲಸ ಬಿಟ್ಟರು. ತಾನು ಪ್ರಧಾನಮಂತ್ರಿಗಳಾಗಿದ್ದ ಶಮೀರರ ಒಪ್ಪಿಗೆಯಿಂದಲೇ ನಡೆದುಕೊಂಡೆನೆಂದು ಅವರು ಹೇಳಿದರು; ಶಮೀರರು ಅದನ್ನು ಅಲ್ಲಗಳೆದರು. ತಪ್ಪೆಂದು ಇನ್ನೂ ಸ್ಥಾಪಿತವಾಗದ ತಪ್ಪನ್ನು ಕ್ಷಮಿಸಬಹುದೇ ಎಂಬ ಪ್ರಶ್ನೆ ಅಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಕ್ಷಮಿಸಬಹುದೆಂದು ಬಹುಮತದ ತೀರ್ಪು; ಕೂಡದೆಂದು ಅಹರೋನ್ ಬರಾಕ್ ಎಂಬ ನ್ಯಾಯಾಧೀಶರ ಭಿನ್ನಮತ.

ಕೊಂದ ಬಗೆ ಹೇಗೆಂಬುದು ಹೊರಬಿದ್ದದ್ದು 1996ರಲ್ಲಿ. ಏಹುದ್ ಯತೋಮ್ ಎಂಬ ಶಿನ್ ಬೆತ್ತಿನ ಅಧಿಕಾರಿಯು ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ಮೇಲಿನವರ ಅಪ್ಪಣೆಯಂತೆ ತಾನೇ ಕಲ್ಲಿನಿಂದ ಅವರ ತಲೆಯನ್ನು ಜಜ್ಜಿದೆನೆಂದು ಒಪ್ಪಿಕೊಂಡನು. ಹೀಗೆ ಹೇಳಿದವನು 2003ರಲ್ಲಿ ಅಲ್ಲಿಯ ಶಾಸನಸಭೆಗೆ ಸದಸ್ಯನಾದನು.

ನಮ್ಮ ಸಾಹಿತ್ಯಸಂಘದ ಒಂದು ಸಂಜೆ, ಐದಾರು ಮಂದಿ ಕುಳಿತಿದ್ದಾಗ, ನಾನು ಈ ವೃತ್ತಾಂತವನ್ನು ಹೇಳಿದೆ. ನಿವೃತ್ತ ವಕೀಲರೊಬ್ಬರು, ನನ್ನ ಹಿರಿಯ ಮಿತ್ರರು, ಒಡನೆಯೇ ಆಕ್ಷೇಪಿಸಿದರು: "ನಲವತ್ತು ಜನ ನಿರಪರಾಧಿಗಳನ್ನು ರಾತ್ರಿಯೆಲ್ಲ ಸಾವಿನ ಬಾಯಲ್ಲಿ ಕೂರಿಸಿದವರ ಮೇಲೆ ನಿಮಗೇಕೆ ಇಷ್ಟು ಕನಿಕರ? ಆ ಹುಡುಗಿಯ ತಾಯಿಯ ಮುಂದೆ ಈ ಕಥೆಯನ್ನು ಹೇಳಬಲ್ಲಿರಾ?" ಪ್ರಶ್ನೆ ಸುಲಭವಾದುದಲ್ಲ. ನನಗೆ ಅಪಹರಣಕಾರರ ಮೇಲೆ ಕನಿಕರವಿಲ್ಲ. ಅವರನ್ನು ನ್ಯಾಯಾಲಯಕ್ಕೆ ತಂದು ಜೀವಾವಧಿ ಸೆರೆಯಲ್ಲಿಟ್ಟಿದ್ದರೆ ನಾನು ಅವರ ಹೆಸರನ್ನೂ ಕೇಳುತ್ತಿರಲಿಲ್ಲ. ಆದರೆ ಕೈಗೆ ಕೋಳ ಬಿದ್ದ ಕ್ಷಣದಿಂದ ಆ ಮನುಷ್ಯನ ಪ್ರಾಣವು ಅವನ ವಶದಲ್ಲಿಲ್ಲ, ಕೋಳ ಹಾಕಿದವರ ವಶದಲ್ಲಿದೆ. ವಕೀಲರಿಗೆ ನಾನು ಹೀಗೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾನೂನು ನಿಮ್ಮ ಕಡೆಗಿದೆ, ಮನಸ್ಸು ನನ್ನ ಕಡೆಗಿದೆ" ಎಂದರು. ನಾನು ವಾದವನ್ನು ಮುಂದುವರಿಸಲಿಲ್ಲ. ಆ ಇಬ್ಬರ ಸಾವಿನೊಡನೆಯೇ ವಿಷಯ ನಿಲ್ಲಲಿಲ್ಲವೆಂಬುದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಈ ಪ್ರಕರಣವೂ ಇಂಥದೇ ಮತ್ತೊಂದೂ ಎಬ್ಬಿಸಿದ ಕೋಲಾಹಲದಿಂದ 1987ರಲ್ಲಿ ಲಾಂಡೌ ಎಂಬ ನ್ಯಾಯಮೂರ್ತಿಗಳ ಆಯೋಗವು ಕುಳಿತು. ಶಿನ್ ಬೆತ್ತಿನವರು ಹದಿನಾರು ವರ್ಷಗಳಿಂದ ನ್ಯಾಯಾಲಯಗಳಲ್ಲಿ ಸುಳ್ಳುಸಾಕ್ಷಿಯನ್ನು ರೂಢಿಯಾಗಿ ಹೇಳಿಕೊಂಡು ಬಂದಿದ್ದರೆಂದು ಅದು ಬರೆಯಿತು. ಅದೇ ಆಯೋಗ, ವಿಚಾರಣೆಯಲ್ಲಿ 'ಮಿತವಾದ' ದೈಹಿಕ ಒತ್ತಾಯಕ್ಕೆ ಅವಕಾಶವನ್ನೂ ಕೊಟ್ಟಿತು. ಅದಕ್ಕೆ ನ್ಯಾಯಾಲಯ ತಡೆಹಾಕಿದ್ದು 1999ರಲ್ಲಿ.

ಲೆವಾಕರ ಕಥೆಗೆ ಹಿಂದಿರುಗುತ್ತೇನೆ. ಇಂಥ ಪಟವೊಂದು ಕೈಗೆ ಬಂದ ಮೇಲೆ ಅನೇಕರು ಜೀವಮಾನವೆಲ್ಲ ಅದರ ನೆರಳಿನಲ್ಲಿಯೇ ಕುಳಿತುಬಿಡುತ್ತಾರೆ. ಸಭೆಸಭೆಗೂ ಅದನ್ನೇ ಹೊತ್ತು ತಿರುಗುತ್ತಾರೆ. ಇವರು ಹಾಗೆ ಮಾಡಲಿಲ್ಲ. 1993ರಲ್ಲಿ ಹದಶೋತ್ ನಿಂತುಹೋಯಿತು. ಲೆವಾಕರು ಹಾರೆತ್ಸ್ ಪತ್ರಿಕೆಯನ್ನು ಸೇರಿ ಬೀದಿಗಿಳಿದರು. ವಾರವಾರವೂ ಒಂದು ಚಿತ್ರ. 'ನಮ್ಮ ನಾಡು' ಎಂಬರ್ಥದ ತಲೆಬರಹ. ನನ್ನ ಅಳಿಯ ಕತ್ತರಿಸಿ ತಂದಿದ್ದು ಇವುಗಳನ್ನೇ. ಸೈನಿಕರು, ಕರಿಯ ಅಂಗಿಯ ಧಾರ್ಮಿಕರು, ಸಮುದ್ರತೀರದಲ್ಲಿ ಬಿಸಿಲು ಕಾಯುವವರು, ಸಂತೆಯ ಹೆಂಗಸರು, ಎಲ್ಲರೂ ಅಲ್ಲಿದ್ದಾರೆ. ಈ ಬಗೆಯ ಚಿತ್ರಕ್ಕೆ ಫ್ರಾನ್ಸಿನ ಕಾರ್ತಿಯೆ-ಬ್ರೆಸ್ಸೋನ್ ಮೊದಲಾದವರು ಹಾಕಿಕೊಟ್ಟ ಒಂದು ಸಂಪ್ರದಾಯವುಂಟು. ಕಾಯುವುದು, ನೋಡುವುದು, ಒಂದು ಕ್ಷಣವೂ ಹೆಚ್ಚುಕಡಿಮೆಯಾಗದಂತೆ ಗುಂಡಿಯನ್ನು ಒತ್ತುವುದು. ಲೆವಾಕರು ಅದಕ್ಕೆ ತಮ್ಮ ದೇಶದ ವಿಚಿತ್ರ ಬೆರಕೆಯನ್ನು ಸೇರಿಸಿದರು. ಭಯವೂ ಹಾಸ್ಯವೂ ಒಂದೇ ಬೀದಿಯಲ್ಲಿ ಓಡಾಡುವ ದೇಶ ಅದು.

ಆದರೆ ಇನ್ನೊಂದು ದಾರಿಯನ್ನೂ ಅವರು ಬಿಡಲಿಲ್ಲ. ಗಿದಿಯೋನ್ ಲೇವಿ ಎಂಬ ಪತ್ರಕರ್ತರು 1988ರಿಂದ ಅದೇ ಪತ್ರಿಕೆಯಲ್ಲಿ, ಇಸ್ರೇಲಿನ ಸೈನ್ಯದ ಆಡಳಿತಕ್ಕೊಳಪಟ್ಟ ಪ್ಯಾಲೆಸ್ತೀನಿಯರ ಊರುಗಳಿಗೆ ಹೋಗಿ, ಅಲ್ಲಿ ಸತ್ತವರ, ಮನೆ ಕಳೆದುಕೊಂಡವರ ವೃತ್ತಾಂತವನ್ನು ಬರೆಯುತ್ತ ಬಂದವರು. ಅನೇಕ ವರ್ಷ ಲೆವಾಕರು ಅವರ ಜೊತೆಯಲ್ಲಿ ಹೋಗಿ ಆ ಬರಹಗಳಿಗೆ ಚಿತ್ರಗಳನ್ನು ತೆಗೆದಿದ್ದಾರೆ. ಒಂದೇ ಪತ್ರಿಕೆಯಲ್ಲಿ, ಒಂದೇ ಕೈಯಿಂದ, ಒಂದು ಪುಟದಲ್ಲಿ ನಗೆ, ಇನ್ನೊಂದರಲ್ಲಿ ತಾಯಿಯೊಬ್ಬಳ ಮಡಿಲಲ್ಲಿ ಮಗನ ಭಾವಚಿತ್ರ. ಮೊದಮೊದಲು ನನಗೆ ಇದು ಸರಿಬೀಳಲಿಲ್ಲ. ಅಷ್ಟನ್ನು ಕಂಡವನು ನಗಿಸುವುದು ಹೇಗೆಂದು ತೋರಿತು. ಲಕೋಟೆಯನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದ ಮೇಲೆ, ಎರಡೂ ಒಂದೇ ಕೆಲಸವೆಂದು ಕಂಡಿತು. ಹೇಳುವುದಕ್ಕೂ ಇರುವುದಕ್ಕೂ ನಡುವೆ ಬಿದ್ದ ಅಂತರವನ್ನು ಅವರು ಹಿಡಿಯುತ್ತಾರೆ. ಅಂತರ ಚಿಕ್ಕದಾದರೆ ನಗು, ದೊಡ್ಡದಾದರೆ 1984.

2005ರಲ್ಲಿ ಅವರಿಗೆ ಇಸ್ರೇಲ್ ಪ್ರಶಸ್ತಿ ಬಂತು. ಅದು ಆ ದೇಶದ ಅತ್ಯುನ್ನತ ಗೌರವ, ಸರಕಾರವೇ ಕೊಡುವುದು. ಯಾವ ಸರಕಾರದ ಮಾತನ್ನು ಅವರ ಪಟವು ಸುಳ್ಳುಮಾಡಿತೋ ಅದೇ ಸರಕಾರದ ಕೈಯಿಂದ ಸನ್ಮಾನ. ಇದರಲ್ಲಿ ಆ ದೇಶದ ದೊಡ್ಡತನವನ್ನು ಕಾಣುವವರಿದ್ದಾರೆ. ಹಳೆಯ ಹಲ್ಲು ಕಿತ್ತ ಹಾವಿಗೆ ಹಾಲೆರೆದಂತಾಯಿತೆನ್ನುವವರೂ ಇರಬಹುದು. ಎರಡು ವರ್ಷ ಹಿಂದೆ ಶಾಸನಸಭೆಯಲ್ಲಿ ಕುಳಿತವನನ್ನು ನೆನೆದರೆ, ನನಗೆ ಎರಡನೆಯವರ ಕಡೆಗೆ ಒಲವು.

ಆ ದೇಶದವರೇ ಆದ ಅರಿಯೆಲ್ಲಾ ಅಜೂಲೆ ಎಂಬ ವಿದುಷಿ ಛಾಯಾಚಿತ್ರವನ್ನು ಕುರಿತು ಬಹಳ ಬರೆದಿದ್ದಾರೆ. 2008ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರದೊಂದು ಗ್ರಂಥದ ಸಾರವನ್ನು ಹುಡುಗನು ನನಗೆ ವಿವರಿಸಿದ. ಪಟವು ತೆಗೆದವನ ಸೊತ್ತಲ್ಲ. ತೆಗೆದವನು, ಪಟದಲ್ಲಿರುವವನು, ನೋಡುವವನು, ಈ ಮೂವರ ನಡುವಣ ಒಂದು ಕರಾರು ಅದು. ಪಟದಲ್ಲಿರುವವನಿಗೆ ಬೇರೆ ಯಾವ ಹಕ್ಕೂ ಉಳಿಯದಿರುವಾಗಲೂ, ಇದನ್ನು ನೋಡುವವರು ಒಂದು ದಿನ ಸಿಕ್ಕುವರೆಂಬ ಹಕ್ಕು ಉಳಿದಿರುತ್ತದೆ. ಇಷ್ಟನ್ನು ಕೇಳಿ ನಾನು ಎದ್ದು ಜಗಲಿಗೆ ಹೋದೆ. ಹುಡುಗನು, ಮಾವನಿಗೆ ಬೇಸರವಾಯಿತೆಂದುಕೊಂಡ.

ಬೇಸರವಲ್ಲ. 1987ರಲ್ಲಿ ನಾನು ಒಂದು ಹೋಬಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ಬಿಡುವಿನಲ್ಲಿ ಜಿಲ್ಲೆಯ ವಾರಪತ್ರಿಕೆಯೊಂದಕ್ಕೆ ಸುದ್ದಿ ಬರೆದು ಕಳುಹಿಸುತ್ತಿದ್ದೆ. ಸಹೋದ್ಯೋಗಿಯೊಬ್ಬರ ಯಾಶಿಕಾ ಕ್ಯಾಮರಾ ನನ್ನ ಬಳಿ ಇರುತ್ತಿತ್ತು. ಒಂದು ಸುರುಳಿಗೆ ಹನ್ನೆರಡೇ ಪಟ. ಫೆಬ್ರವರಿಯ ಒಂದು ದಿನ, ಪಕ್ಕದ ಹಳ್ಳಿಯ ನೀರಿನ ತೊಟ್ಟಿಯ ಪ್ರಾರಂಭೋತ್ಸವದಲ್ಲಿ ಹನ್ನೊಂದು ಪಟ ತೆಗೆದು, ಬಸ್ಸಿಗೆ ಕಾಯುತ್ತಿದ್ದೆ. ಸುರುಳಿಯನ್ನು ತೀರಿಸಬೇಕಲ್ಲವೇ? ಎದುರಿಗಿದ್ದ ಅರಳಿಕಟ್ಟೆಯದೊಂದು ಪಟ ತೆಗೆದೆ. ಕಟ್ಟೆಯ ಹಿಂದೆ ಒಂದು ಕಚೇರಿಯ ಜಗಲಿ. ಅದರ ಮೇಲೆ ಒಬ್ಬನು ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಅವನ ಕೈಗಳನ್ನು ಅವನದೇ ಟವಲಿನಿಂದ ಕಟ್ಟಿತ್ತು. ಪಟ ತೆಗೆಯುವಾಗ ನಾನು ಅವನನ್ನು ನೋಡಲೇ ಇಲ್ಲ.

ಮೂರನೆಯ ದಿನ ಊರ ಕೆರೆಯಲ್ಲಿ ಒಂದು ಹೆಣ ತೇಲಿತು. ನಮ್ಮ ಶಾಲೆಯ ಕಟ್ಟಡಕ್ಕೆ ಇಟ್ಟಿಗೆ ಹೊಡೆದ ಗಾಡಿಯವನು. ಅವನನ್ನು ಆ ಕಚೇರಿಗೆ ಕರೆತಂದೇ ಇರಲಿಲ್ಲವೆಂದು ಹೇಳಿಕೆ ಬಂತು. ಅದೇ ರಾತ್ರಿ ಬಚ್ಚಲಮನೆಯಲ್ಲಿ ಫಿಲಂ ತೊಳೆದು ದೀಪಕ್ಕೆ ಹಿಡಿದೆ. ಹನ್ನೆರಡನೆಯ ಪಟದಲ್ಲಿ, ಅರಳಿಯ ಬುಡದ ಪಕ್ಕದಲ್ಲಿ, ರಾಗಿಯ ಕಾಳಿನಷ್ಟು ಮುಖ. ಸಂಪಾದಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ. "ಮೇಷ್ಟ್ರೇ, ನಿಮ್ಮದು ಸರಕಾರಿ ನೌಕರಿ, ಮನೆಯಲ್ಲಿ ಎರಡು ಮಕ್ಕಳು. ನೀವು ಹೂಂ ಎಂದರೆ ನಾನು ಹಾಕುತ್ತೇನೆ" ಎಂದರು. ನಾನು ಹೂಂ ಎನ್ನಲಿಲ್ಲ. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಆ ನೆಗೆಟಿವನ್ನು ಇಟ್ಟು ಅಟ್ಟಕ್ಕೆ ಹಾಕಿದೆ.

ಒಂದು ತಿಂಗಳಾದ ಮೇಲೆ ಅವನ ಹೆಂಡತಿ ಶಾಲೆಗೆ ಬಂದಳು. ಬಾಗಿಲ ಹೊರಗೇ ನಿಂತು, "ಇಸ್ಕೂಲು ಕಟ್ಟೋವಾಗ ನೀವು ಪಟ ತೆಗೀತಿದ್ರಂತೆ ಸ್ವಾಮಿ. ಅದ್ರಾಗೆ ನಮ್ಮೋರು ಏನಾರ ಬಿದ್ದವ್ರಾ? ಇಟ್ಟು ಪೂಜೆ ಮಾಡಾಕೆ ಮನೇಲಿ ಒಂದೂ ಇಲ್ಲ" ಎಂದಳು. ಶಾಲೆಯ ಪಟಗಳಲ್ಲಿ ಅವನಿರಲಿಲ್ಲ. "ಇಲ್ಲಮ್ಮಾ, ಯಾವುದರಲ್ಲಿಯೂ ಇಲ್ಲ" ಎಂದೆ. ಅರ್ಧ ನಿಜ. ಅವಳು ಕೈಮುಗಿದು ಹೋದಳು.

ಲೆವಾಕರಿಗೂ ತಾವು ತೆಗೆದದ್ದು ಯಾರದೆಂದು ಮೊದಲು ತಿಳಿದಿರಲಿಲ್ಲವೆಂಬುದನ್ನು ಓದಿದಾಗ, ಹುಡುಗನ ಮುಂದೆ ನನಗೆ ಕುಳಿತಿರಲಾಗಲಿಲ್ಲ. ಅಲ್ಲಿಯವರೆಗೆ ಇಬ್ಬರದೂ ಒಂದೇ ಕಥೆ. ಅವರ ಹಿಂದೆ ಒಂದು ಪತ್ರಿಕೆ ನಿಂತಿತ್ತು, ನನಗೆ ಯಾರಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನನ್ನ ಸಂಪಾದಕರೂ ನಿಲ್ಲುತ್ತೇನೆಂದಿದ್ದರು.

ಕಳೆದ ವರ್ಷ ಡಬ್ಬಿಯನ್ನು ಇಳಿಸಿದೆ. ನೆಗೆಟಿವಿನ ಅಂಚಿಗೆ ಬೂಷ್ಟು ಹಿಡಿದಿತ್ತು, ನಡುಭಾಗ ಕೆಟ್ಟಿರಲಿಲ್ಲ. ಪಟ್ಟಣದ ಸ್ಟುಡಿಯೋದ ಹುಡುಗ ಅದನ್ನು ಯಂತ್ರದಲ್ಲಿ ದೊಡ್ಡದು ಮಾಡಿ, ಮುಖವನ್ನಷ್ಟೇ ಕತ್ತರಿಸಿಕೊಡಲೇ ಎಂದು ಕೇಳಿದ. ಬೇಡ, ಪೂರ್ತಿ ಇರಲಿ, ಕೈಗಳೂ ಜಗಲಿಯೂ ಕಾಣಲಿ ಎಂದೆ. ಆ ಹಳ್ಳಿಗೆ ಹೋದೆ. ಹೆಂಗಸು ತೀರಿಕೊಂಡು ಒಂಬತ್ತು ವರ್ಷವಾಗಿತ್ತಂತೆ. ಮಗಳು ಇದ್ದಳು, ಅವಳಿಗೂ ಈಗ ಮೊಮ್ಮಗು. ಚಾಪೆ ಹಾಕಿ ಕೂರಿಸಿ, ನೀರು ಬೆಲ್ಲ ತಂದಿಟ್ಟಳು. ಪಟವನ್ನು ಕೈಗೆ ಕೊಟ್ಟೆ. ಮೊದಲು ಅರಳೀಮರವನ್ನು ಗುರುತಿಸಿದಳು. ಅದನ್ನು ರಸ್ತೆ ಅಗಲ ಮಾಡುವಾಗ ಕಡಿದರಂತೆ. ಆಮೇಲೆ ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅಳಲಿಲ್ಲ.

"ಇದು ಯಾವತ್ತು ತೆಗೆದಿದ್ದು ಸಾರ್?" ಎಂದು ಕೇಳಿದಳು.

ತಾರೀಖನ್ನು ಹೇಳಿದೆ. ಅವಳು ಬೆರಳು ಮಡಿಸಿ ಎಣಿಸಿದಳು. "ಹಿಂದೆ ಬರ್ದು ಕೊಡಿ" ಎಂದು ಪಟವನ್ನು ತಿರುಗಿಸಿ ನನ್ನ ಮುಂದೆ ಇಟ್ಟಳು. ಜೇಬಿನಿಂದ ಲೇಖನಿ ತೆಗೆದು ಊರು, ದಿನ, ಗಂಟೆಗಳನ್ನು ಬರೆದೆ. ಕೆಳಗೆ ನನ್ನ ಹೆಸರನ್ನು ಪೂರ್ತಿಯಾಗಿ ಬರೆದು ರುಜುಮಾಡಿದೆ.